ಸ್ವಿಚ್ಚಿನ ಸಿಪಿಯು ಏರುತ್ತಿದೆಯೇ? ಮೊದಲು ಮಾನಿಟರಿಂಗ್ ಸರ್ವರ್ ನೋಡಿ

ಕೋರ್ ಸ್ವಿಚ್ಚಿನ ಸಿಪಿಯು 90% ದಾಟಿದೆ ಎಂದು ಮಾನಿಟರಿಂಗ್ ಸರ್ವರ್‌ನಿಂದ ಮೆಸೇಜ್ ಬರುತ್ತದೆ. ಲಾಗಿನ್ ಆಗಲು ಹೋದರೆ ಪಾಸ್‌ವರ್ಡ್ ಕೇಳುವುದಕ್ಕೇ ಹೊತ್ತು ಹಿಡಿಯುತ್ತದೆ. ಪಿಂಗ್ ಮಾಡಿದರೆ ಒಮ್ಮೆ 2 ಮಿಲಿಸೆಕೆಂಡ್, ಒಮ್ಮೆ 300. ಆಗ ಬಹಳ ಜನ ಲೂಪ್ (ಕೇಬಲ್ ಸುತ್ತಿಕೊಂಡು ಪ್ಯಾಕೆಟ್ ತಿರುಗುತ್ತಲೇ ಇರುವುದು) ಹುಡುಕುತ್ತಾರೆ, ಇಲ್ಲವೇ ವೈರಸ್ ಅನ್ನುತ್ತಾರೆ, ಕೊನೆಗೆ ರೀಬೂಟ್ ಮಾಡಿಬಿಡುತ್ತಾರೆ. ಆದರೆ ಎಷ್ಟೋ ಸಲ ಆ ಹೊರೆ ಹಾಕುತ್ತಿರುವುದು ಮೆಸೇಜ್ ಕಳಿಸಿದ ಸರ್ವರೇ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಈಗ ಸಣ್ಣ ಸಂಸ್ಥೆಗಳಲ್ಲೂ ಮ್ಯಾನೇಜ್ಡ್ ಸ್ವಿಚ್, ಅಂದರೆ ಲಾಗಿನ್ ಆಗಿ ಸೆಟ್ಟಿಂಗ್ ಮಾಡಬಹುದಾದ ಸ್ವಿಚ್, ಬಂದಿವೆ. ವಿದ್ಯಾನಗರದ ಕಾಲೇಜಿರಲಿ, ಗದಗಿನ ಆಸ್ಪತ್ರೆ ಇರಲಿ, ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಇರಲಿ, ಅವುಗಳ ಮೇಲೆ ಕಣ್ಣಿಡಲು ಝಾಬಿಕ್ಸ್, ಲಿಬ್ರೆಎನ್‌ಎಂಎಸ್, ಪಿಆರ್‌ಟಿಜಿ, ಕ್ಯಾಕ್ಟೈಗಳಲ್ಲಿ ಒಂದನ್ನು ಹಾಕಿರುತ್ತಾರೆ. ನೋಡಿಕೊಳ್ಳಲು ಮಾತ್ರ ಒಬ್ಬರೋ ಇಬ್ಬರೋ. ಪ್ರಿಂಟರ್, ಸಿಸಿಟಿವಿ, ಬಯೋಮೆಟ್ರಿಕ್ ಎಲ್ಲವೂ ಅವರ ತಲೆಯ ಮೇಲೇ. ಈ ಲೇಖನ ಅವರಿಗಾಗಿ. ಹೇಳಬೇಕಾದ ಮುಖ್ಯ ಮಾತು ಇಷ್ಟೇ: ಮಾನಿಟರಿಂಗ್ ತೆಗೆಯಬೇಡಿ, ಅದು ಕೇಳುವ ಪ್ರಶ್ನೆಗಳನ್ನು ಕಡಿಮೆ ಮಾಡಿ. ಯಾವ ಪ್ರಶ್ನೆ ಭಾರ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಉದಾಹರಣೆಗಳು ಸಿಸ್ಕೋ ಸ್ವಿಚ್ಚಿನವು. ಬೇರೆ ಕಂಪನಿಯ ಸ್ವಿಚ್ ಇದ್ದವರಿಗೆ ಕೊನೆಯಲ್ಲಿ ಬರೆದಿದ್ದೇನೆ. ಕಮಾಂಡ್‌ಗಳು ಇಲ್ಲಿ ಕನ್ನಡ ಲಿಪಿಯಲ್ಲಿವೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಬೇಕು.

ಸಿಪಿಯು ಏರಿದರೆ ನೆಟ್ ನಿಧಾನವಾಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಸ್ವಿಚ್ಚಿನಲ್ಲಿ ಒಂದು ಪೋರ್ಟ್‌ನಿಂದ ಇನ್ನೊಂದಕ್ಕೆ ಡೇಟಾ ದಾಟಿಸುವುದು ಆಸಿಕ್ ಎಂಬ ಬೇರೆ ಚಿಪ್. ಸಿಪಿಯು ಆ ದಾರಿಯಲ್ಲಿ ಇರುವುದಿಲ್ಲ. ಸ್ಪ್ಯಾನಿಂಗ್ ಟ್ರೀ (ಲೂಪ್ ಆಗದಂತೆ ತಡೆಯುವ ವ್ಯವಸ್ಥೆ), ಎಆರ್‌ಪಿ (ಯಾವ ಐಪಿ ಯಾವ ಮಷಿನ್‌ನದು ಎಂಬ ಹುಡುಕಾಟ), ಡಿಎಚ್‌ಸಿಪಿ ಸ್ನೂಪಿಂಗ್ (ಐಪಿ ಹಂಚುವಿಕೆಯ ಮೇಲಿನ ಕಾವಲು), ರೂಟಿಂಗ್ ಲೆಕ್ಕ, ನಿಮ್ಮ ಲಾಗಿನ್, ಎಸ್‌ಎನ್‌ಎಂಪಿ ಪ್ರಶ್ನೆಗಳಿಗೆ ಉತ್ತರ, ಇವು ಸಿಪಿಯು ಕೆಲಸ. ಎಸ್‌ಎನ್‌ಎಂಪಿ ಅಂದರೆ ಮಾನಿಟರಿಂಗ್ ಸರ್ವರ್ ಸ್ವಿಚ್ಚನ್ನು ಪ್ರಶ್ನೆ ಕೇಳುವ ಭಾಷೆ. ಹಾಗಾಗಿ ಮೇಲೆ ಹೇಳಿದ ಪಿಂಗ್ ಏರಿಳಿತ ಸ್ವಿಚ್ಚಿನ ಐಪಿಗೆ ಮಾಡಿದಾಗ ಮಾತ್ರ ಕಾಣುತ್ತದೆ. ಸ್ವಿಚ್ ದಾಟಿ ಆಚೆ ಇರುವ ಸರ್ವರ್‌ಗೆ ಪಿಂಗ್ ಮಾಡಿ ನೋಡಿ. ಅದು ಸರಿ ಇದ್ದರೆ ಗಾಬರಿ ಬೇಡ, ಸಮಾಧಾನವಾಗಿ ಹುಡುಕಲು ಸಮಯ ಇದೆ.

ಹಾಗಂತ ಸುಮ್ನೆ ಬಿಡುವಂತೆಯೂ ಇಲ್ಲ. ರ್‍ಯಾಪಿಡ್ ಸ್ಪ್ಯಾನಿಂಗ್ ಟ್ರೀ 2 ಸೆಕೆಂಡಿಗೊಮ್ಮೆ ಹಲೋ ಕಳಿಸುತ್ತದೆ. ಸತತವಾಗಿ 3 ಹಲೋ ತಪ್ಪಿದರೆ ಪಕ್ಕದ ಸ್ವಿಚ್ ದಾರಿ ಬದಲಿಸಲು ಹೊರಡುತ್ತದೆ. ಸಿಪಿಯು ಪೂರ್ತಿ ಕಟ್ಟಿಕೊಂಡರೆ ಆ ಮಟ್ಟಕ್ಕೂ ಹೋಗಬಹುದು. ಆಗ ಮಾತ್ರ ಕೌಂಟರ್‌ನಿಂದ "ಸರ, ನೆಟ್ ಹೋಗೇತ್ರಿ" ಎಂಬ ಫೋನ್ ಬರುತ್ತದೆ.

ಹೆಜ್ಜೆ 1: ಎರಡು ಅಂಕಿ ಓದಿ

ಮೊದಲ ಕಮಾಂಡ್: ಶೋ ಪ್ರೊಸೆಸಸ್ ಸಿಪಿಯು ಸಾರ್ಟೆಡ್. ಮೇಲಿನ ಸಾಲಿನಲ್ಲಿ ಐದು ಸೆಕೆಂಡ್, ಒಂದು ನಿಮಿಷ, ಐದು ನಿಮಿಷಗಳ ಸರಾಸರಿ ಬರುತ್ತದೆ. ಐದು ಸೆಕೆಂಡಿನ ಜಾಗದಲ್ಲಿ 92%/4% ಎಂಬಂತೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಒಟ್ಟು ಹೊರೆ. ಓರೆಗೆರೆಯ ಆಚೆಗಿನದು ಇಂಟರಪ್ಟ್ ಹೊರೆ, ಅಂದರೆ ಸಿಪಿಯುಗೆ ಬಂದು ಬೀಳುವ ಪ್ಯಾಕೆಟ್‌ಗಳಿಂದ ಆಗುವುದು.

ಎರಡನೆಯ ಅಂಕಿಯೂ ಮೊದಲನೆಯದರ ಹತ್ತಿರ ಇದ್ದರೆ ಪ್ಯಾಕೆಟ್‌ಗಳ ಸುರಿಮಳೆ ಆಗುತ್ತಿದೆ. ಲೂಪ್ ಅಥವಾ ಬ್ರಾಡ್‌ಕಾಸ್ಟ್ ಕಡೆ ಹುಡುಕಬೇಕು. ಎರಡನೆಯದು ಸಣ್ಣದಿದ್ದು ಮೊದಲನೆಯದು ಮಾತ್ರ ದೊಡ್ಡದಿದ್ದರೆ ಯಾವುದೋ ಪ್ರೊಸೆಸ್ ಸಿಪಿಯು ತಿನ್ನುತ್ತಿದೆ. ಕೆಳಗಿನ ಪಟ್ಟಿಯ ತಲೆಯಲ್ಲಿ ಎಸ್‌ಎನ್‌ಎಂಪಿ ಇಂಜಿನ್, ಐಪಿ ಎಸ್‌ಎನ್‌ಎಂಪಿ, ಪಿಡಿಯು ಡಿಸ್ಪ್ಯಾಚರ್ ಎಂಬ ಹೆಸರುಗಳಿದ್ದರೆ ನೀವು ಸರಿಯಾದ ಲೇಖನ ಓದುತ್ತಿದ್ದೀರಿ.

ಇಲ್ಲಿ ಒಂದು ಎಚ್ಚರಿಕೆ. ಕರೆಂಟ್ ಹೋಗಿ ಬಂದ ಮೇಲೆ, ಯುಪಿಎಸ್ ಕೈಕೊಟ್ಟ ಕಡೆ ಎಲ್ಲ ಸ್ವಿಚ್‌ಗಳು ಒಟ್ಟಿಗೆ ಏಳುತ್ತವೆ. ಸರ್ವರ್ ಕೂಡ ಎಲ್ಲವನ್ನೂ ಹೊಸದಾಗಿ ಕೇಳಲು ಶುರು ಮಾಡುತ್ತದೆ. ಆಗಿನ ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ. ಅರ್ಧ ಗಂಟೆ ಬಿಟ್ಟು ನೋಡಿ.

ಹೆಜ್ಜೆ 2: ಏರಿಳಿತದ ತಾಳ ನೋಡಿ

ಶೋ ಪ್ರೊಸೆಸಸ್ ಸಿಪಿಯು ಹಿಸ್ಟರಿ ಎಂದು ಕೊಟ್ಟರೆ ಮೂರು ಚಿತ್ರ ಬರುತ್ತವೆ: ಕಳೆದ 60 ಸೆಕೆಂಡ್, 60 ನಿಮಿಷ, 72 ಗಂಟೆ. ನಕ್ಷತ್ರದ ಗುರುತು ಗರಿಷ್ಠ, ಹ್ಯಾಶ್ ಗುರುತು ಸರಾಸರಿ. 60 ನಿಮಿಷದ ಚಿತ್ರದಲ್ಲಿ ಪ್ರತಿ 5 ನಿಮಿಷಕ್ಕೊಮ್ಮೆ ಒಂದು ಗೋಪುರ ಎದ್ದಿದೆಯೇ ನೋಡಿ. ಹಾಗಿದ್ದರೆ ಅದು ಪೋಲಿಂಗ್, ಅಂದರೆ ಸರ್ವರ್ ನಿಗದಿತ ಅಂತರದಲ್ಲಿ ಪ್ರಶ್ನೆ ಕೇಳುವುದು. ಜನರ ಬಳಕೆ ಗಡಿಯಾರ ನೋಡಿಕೊಂಡು ಏರುವುದಿಲ್ಲ, ಮಷಿನ್ ಮಾತ್ರ ಹಾಗೆ ಮಾಡುತ್ತದೆ. 72 ಗಂಟೆಯ ಚಿತ್ರದಲ್ಲಿ 6 ಗಂಟೆಗೊಂದು ಎತ್ತರದ ಗೋಪುರ ಕಂಡರೆ ಡಿಸ್ಕವರಿ ಮೇಲೆ, ಅಂದರೆ ಸ್ವಿಚ್ಚಿನಲ್ಲಿ ಏನೇನಿದೆ ಎಂದು ಸರ್ವರ್ ಹೊಸದಾಗಿ ಹುಡುಕುವುದರ ಮೇಲೆ, ಅನುಮಾನ ಪಡಿ. ಲಿಬ್ರೆಎನ್‌ಎಂಎಸ್‌ನಲ್ಲಿ ಡಿಸ್ಕವರಿ ಮಾಮೂಲಿಯಾಗಿ 6 ಗಂಟೆಗೊಮ್ಮೆ ನಡೆಯುತ್ತದೆ.

ರೀಬೂಟ್ ಮಾಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ರೀಬೂಟ್ ಮಾಡಿದರೆ ಈ ಚಿತ್ರವೂ ಹೋಗುತ್ತದೆ, ಎಲ್ಲ ಕೌಂಟರ್ ಸೊನ್ನೆಯಾಗುತ್ತವೆ. ಸಾಕ್ಷಿಯೇ ಇಲ್ಲದಂತಾಗುತ್ತದೆ. ತೊಂದರೆ ಮಾತ್ರ ಮುಂದಿನ ಪೋಲಿಂಗ್‌ಗೆ ವಾಪಸ್ ಬರುತ್ತದೆ.

ಹೆಜ್ಜೆ 3: ಕಾಲು ಗಂಟೆ ನಿಲ್ಲಿಸಿ ನೋಡಿ

ಸರ್ವರ್‌ನಲ್ಲಿ ಆ ಒಂದು ಸ್ವಿಚ್ಚಿನ ಪೋಲಿಂಗ್ ಮಾತ್ರ 15 ನಿಮಿಷ ನಿಲ್ಲಿಸಿ. ಪಿಆರ್‌ಟಿಜಿಯಲ್ಲಿ ತಾತ್ಕಾಲಿಕವಾಗಿ ನಿಲ್ಲಿಸುವ 'ಪಾಝ್' ಇದೆ, ಝಾಬಿಕ್ಸ್‌ನಲ್ಲಿ ಹೋಸ್ಟ್ ಡಿಸೇಬಲ್ ಮಾಡಬಹುದು. ಸ್ವಿಚ್ಚಿನಲ್ಲಿ ಎಸ್‌ಎನ್‌ಎಂಪಿ ಸೆಟ್ಟಿಂಗ್ ಅಳಿಸಿ ಪರೀಕ್ಷೆ ಮಾಡುವುದು ಬೇಡ. ವಾಪಸ್ ಹಾಕುವಾಗ ಏನಾದರೂ ಬಿಟ್ಟುಹೋಗುತ್ತದೆ.

ಗೋಪುರಗಳು ನಿಂತರೆ ಉತ್ತರ ಸಿಕ್ಕಿತು. ಅರ್ಧದಷ್ಟು ಮಾತ್ರ ಇಳಿದರೆ, ಅಥವಾ ಏನೂ ಇಳಿಯದೆ ಎಸ್‌ಎನ್‌ಎಂಪಿ ಇಂಜಿನ್ ಪಟ್ಟಿಯ ಮೇಲೇ ಕೂತಿದ್ದರೆ, ಕೇಳುವವರು ಇನ್ನೂ ಯಾರೋ ಇದ್ದಾರೆ.

ಹೆಜ್ಜೆ 4: ಯಾರ್‍ಯಾರು ಕೇಳುತ್ತಿದ್ದಾರೆ?

ನಮ್ಮ ಕಡೆ ನಿಜವಾದ ಕಾರಣ ಬಹಳ ಸಲ ಇಲ್ಲೇ ಇರುತ್ತದೆ. ಮೊದಲು ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ತೆಗೆದುಕೊಂಡಿದ್ದವರು ಒಂದು ಸರ್ವರ್ ಹಾಕಿರುತ್ತಾರೆ. ಎರಡು ವರ್ಷದ ಮೇಲೆ ಎಎಂಸಿ ಬೇರೆಯವರಿಗೆ ಹೋಗುತ್ತದೆ, ಅವರು ತಮ್ಮದೊಂದು ಹಾಕುತ್ತಾರೆ. ಹಳೆಯದನ್ನು ಯಾರೂ ಆಫ್ ಮಾಡಿರುವುದಿಲ್ಲ. ಅದು ಯಾವುದೋ ಮೂಲೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ಓಡುತ್ತಲೇ ಇರುತ್ತದೆ. ಇದರ ಜೊತೆಗೆ ಇನ್ವೆಂಟರಿ ಸಾಫ್ಟ್‌ವೇರ್ ಒಂದು, ವೈ-ಫೈ ಕಂಟ್ರೋಲರ್ ಒಂದು, ಯಾರದೋ ಲ್ಯಾಪ್‌ಟಾಪ್‌ನಲ್ಲಿ ಟ್ರಯಲ್‌ಗೆ ಹಾಕಿದ ಸ್ಕ್ಯಾನರ್ ಒಂದು. ಕಮ್ಯೂನಿಟಿ ಹೆಸರು (ಎಸ್‌ಎನ್‌ಎಂಪಿಯಲ್ಲಿ ಪಾಸ್‌ವರ್ಡ್ ಇದ್ದ ಹಾಗೆ) ಇನ್ನೂ 'ಪಬ್ಲಿಕ್' ಅಂತಲೇ ಇದ್ದರೆ ಯಾರು ಬೇಕಾದರೂ ಕೇಳಬಹುದು. ಸ್ವಿಚ್ ಪಾಪ, ಎಲ್ಲರಿಗೂ ಉತ್ತರ ಕೊಡುತ್ತದೆ.

ಹುಡುಕುವುದು ಹೀಗೆ. ಶೋ ಎಸ್‌ಎನ್‌ಎಂಪಿ ಕೊಡಿ. ಒಂದು ನಿಮಿಷ ಬಿಟ್ಟು ಮತ್ತೆ ಕೊಡಿ. ಗೆಟ್-ನೆಕ್ಸ್ಟ್ ಎಂಬ ಸಾಲು ನಿಮಿಷದಲ್ಲಿ ಸಾವಿರಗಟ್ಟಲೆ ಏರಿದ್ದರೆ ಯಾರೋ ಟೇಬಲ್‌ಗಳನ್ನು ಒಂದೊಂದೇ ಸಾಲಾಗಿ ಓದುತ್ತಿದ್ದಾರೆ. ಅನ್‌ನೋನ್ ಕಮ್ಯೂನಿಟಿ ನೇಮ್ ಸಾಲು ಏರುತ್ತಿದ್ದರೆ ಹಳೇ ಪಾಸ್‌ವರ್ಡ್ ಇಟ್ಟುಕೊಂಡ ಯಾವುದೋ ಸರ್ವರ್ ಇನ್ನೂ ಬಾಗಿಲು ಬಡಿಯುತ್ತಿದೆ.

ಆಮೇಲೆ ಒಂದು ಆಕ್ಸೆಸ್ ಲಿಸ್ಟ್ ಬರೆಯಿರಿ. ನಿಮ್ಮ ಅಧಿಕೃತ ಸರ್ವರ್‌ನ ಐಪಿಗೆ ಮಾತ್ರ ಪರ್ಮಿಟ್, ಉಳಿದವರಿಗೆ ಡಿನೈ. ಅದನ್ನು ಕಮ್ಯೂನಿಟಿಗೆ ಜೋಡಿಸಿ: ಎಸ್‌ಎನ್‌ಎಂಪಿ-ಸರ್ವರ್ ಕಮ್ಯೂನಿಟಿ, ನೀವಿಟ್ಟ ಕಮ್ಯೂನಿಟಿ ಹೆಸರು, ಆರ್‌ಒ (ಓದಲು ಮಾತ್ರ), ಲಿಸ್ಟ್ ನಂಬರ್. ಕಮ್ಯೂನಿಟಿ ಹೆಸರನ್ನೂ ಇದೇ ಸಮಯಕ್ಕೆ ಬದಲಿಸಿ. ನಮ್ಮ ಗ್ರಾಫ್ ಯಾಕೆ ನಿಂತಿತು ಎಂದು ಯಾರಾದರೂ ಬಂದು ಕೇಳಿದರೆ, ಇನ್ನೊಬ್ಬ ಕೇಳುಗ ಸಿಕ್ಕಿದ ಹಾಗೆ. ಅವರಿಗೆ ನಿಜವಾಗಿ ಬೇಕಿದ್ದರೆ ನಿಮ್ಮ ಸರ್ವರ್‌ನಲ್ಲೇ ಒಂದು ಲಾಗಿನ್ ಕೊಡಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರ್ ನಡೆಯುವ ದಿನ, ಕಾಲೇಜಿನಲ್ಲಿ ಆನ್‌ಲೈನ್ ಪರೀಕ್ಷೆ ಇರುವ ದಿನ ಇಂಥ ಬದಲಾವಣೆ ಮಾಡಬೇಡಿ. ಸಂಜೆ, ಜನ ಹೋದ ಮೇಲೆ ಮಾಡಿ. ಹಳೇ ಕಾನ್ಫಿಗರೇಶನ್‌ನ ಒಂದು ಪ್ರತಿ ಕೈಯಲ್ಲಿರಲಿ.

ಹೆಜ್ಜೆ 5: ಯಾವ ಪ್ರಶ್ನೆ ಭಾರ?

ಎಲ್ಲ ಪ್ರಶ್ನೆಗಳೂ ಒಂದೇ ತೂಕದವಲ್ಲ. ಒಂದು ಪೋರ್ಟ್ ಎಷ್ಟು ಬೈಟ್ ಕಳಿಸಿದೆ ಎಂದು ಕೇಳಿದರೆ ಸ್ವಿಚ್ ಥಟ್ಟನೆ ಹೇಳುತ್ತದೆ. ರೂಟಿಂಗ್ ಟೇಬಲ್, ಎಆರ್‌ಪಿ ಟೇಬಲ್, ಮ್ಯಾಕ್ ಟೇಬಲ್ (ಯಾವ ಪೋರ್ಟ್‌ನಲ್ಲಿ ಯಾವ ಮಷಿನ್ ಎಂಬ ಪಟ್ಟಿ) ಕೇಳಿದರೆ ಕಷ್ಟ ಶುರು. ಎಸ್‌ಎನ್‌ಎಂಪಿ ನಿಯಮದ ಪ್ರಕಾರ ಟೇಬಲ್‌ನ ಉತ್ತರಗಳು ಅಂಕಿಗಳ ಕ್ರಮದಲ್ಲೇ ಬರಬೇಕು. ಆದರೆ ಸ್ವಿಚ್ ತನ್ನೊಳಗೆ ಇವುಗಳನ್ನು ಆ ಕ್ರಮದಲ್ಲಿ ಇಟ್ಟಿರುವುದಿಲ್ಲ. ದಲಾಲಿ ಅಂಗಡಿಯಲ್ಲಿ ಲಾಟ್ ಚೀಟಿಗಳು ಬಂದ ಬಂದ ಹಾಗೆ ಗುಡ್ಡೆ ಬಿದ್ದಿವೆ ಅಂದುಕೊಳ್ಳಿ. ಒಬ್ಬರು ಬಂದು "ಅಕಾರಾದಿಯಲ್ಲಿ ಬಸಪ್ಪನ ನಂತರದ ಹೆಸರು ಯಾವುದು?" ಎನ್ನುತ್ತಾರೆ. ಗುಮಾಸ್ತ ಗುಡ್ಡೆ ಪೂರ್ತಿ ತಿರುವಿ ಹೇಳುತ್ತಾನೆ. "ಅದರ ನಂತರದ್ದು?" ಮತ್ತೆ ಪೂರ್ತಿ ತಿರುವಬೇಕು. ಗೆಟ್-ನೆಕ್ಸ್ಟ್ ಕೇಳುವುದು ಹೀಗೆಯೇ. ಟೇಬಲ್ ದೊಡ್ಡದಾದಷ್ಟೂ ಸಾಲುಗಳೂ ಜಾಸ್ತಿ, ಪ್ರತಿ ಸಾಲಿನ ಹುಡುಕಾಟವೂ ಜಾಸ್ತಿ.

ಸ್ವಿಚ್ಚಿನಲ್ಲಿ ಶೋ ಎಸ್‌ಎನ್‌ಎಂಪಿ ಸ್ಟ್ಯಾಟ್ಸ್ ಒಐಡಿ ಎಂಬ ಕಮಾಂಡ್ ಇದ್ದರೆ ಕೊಟ್ಟು ನೋಡಿ. ಯಾವ ಒಐಡಿಯನ್ನು (ಪ್ರತಿ ಪ್ರಶ್ನೆಗೂ ಇರುವ ಸಂಖ್ಯೆಯ ವಿಳಾಸ) ಯಾವಾಗ, ಎಷ್ಟು ಸಲ ಕೇಳಿದ್ದಾರೆ ಎಂಬ ಪಟ್ಟಿ ಬರುತ್ತದೆ. ಬಹಳ ಜನರಿಗೆ ಇದು ಗೊತ್ತೇ ಇಲ್ಲ. ಡೀಬಗ್ (ಸ್ವಿಚ್ ಒಳಗೆ ನಡೆಯುವುದನ್ನೆಲ್ಲ ಬರೆದು ತೋರಿಸುವ ಕಮಾಂಡ್) ಹಾಕಿ ನೋಡುವ ಮನಸ್ಸಾಗುತ್ತದೆ, ಬೇಡ. ಈಗಾಗಲೇ ಬಳಲಿದ ಸಿಪಿಯುಗೆ ಡೀಬಗ್ ಇನ್ನೂ ಹೊರೆ. ಪಟ್ಟಿಯಲ್ಲಿ ಈ ಸಂಖ್ಯೆಗಳಿಂದ ಶುರುವಾಗುವವನ್ನು ಹುಡುಕಿ:

- 1.3.6.1.2.1.4.21 ಮತ್ತು 1.3.6.1.2.1.4.24: ರೂಟಿಂಗ್ ಟೇಬಲ್
- 1.3.6.1.2.1.4.22 ಮತ್ತು ಹಳೆಯ 1.3.6.1.2.1.3: ಎಆರ್‌ಪಿ ಟೇಬಲ್
- 1.3.6.1.2.1.17.4.3: ಮ್ಯಾಕ್ ಟೇಬಲ್
- 1.3.6.1.2.1.47: ಹಾರ್ಡ್‌ವೇರ್ ಭಾಗಗಳ ಪಟ್ಟಿ

ಮ್ಯಾಕ್ ಟೇಬಲ್ ಬಗ್ಗೆ ಒಂದು ಮಾತು. ಸಿಸ್ಕೋದಲ್ಲಿ ಇದನ್ನು ಪ್ರತಿ ವಿಲ್ಯಾನ್‌ಗೆ (ಒಂದೇ ಸ್ವಿಚ್ಚಿನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಬೇರೆ ಬೇರೆಯಾಗಿ ಕೇಳಬೇಕಾಗುತ್ತದೆ. ಕಾಲೇಜಿನಲ್ಲಿ ವಿಭಾಗಕ್ಕೊಂದು, ಲ್ಯಾಬಿಗೊಂದು, ಹಾಸ್ಟೆಲ್‌ಗೊಂದು ಅಂತ 30 ವಿಲ್ಯಾನ್ ಇದ್ದರೆ ಅದೇ ಓದು 30 ಸಲ. ಫೈಬರ್ ಕೇಬಲ್ ಜೋಡಿಸುವ ಎಸ್‌ಎಫ್‌ಪಿ ಮಾಡ್ಯೂಲ್‌ಗಳ ಬೆಳಕಿನ ಮಟ್ಟ, ಉಷ್ಣತೆ ಓದುವುದೂ ನಿಧಾನದ ಕೆಲಸ. ಅದನ್ನು ನಿಮಿಷಕ್ಕೊಮ್ಮೆ ಕೇಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಅರ್ಧ ಗಂಟೆಗೊಮ್ಮೆ ಸಾಕು.

ಪೋರ್ಟ್‌ಗಳ ಟೇಬಲ್ ಹಗುರವೇ, ಆದರೆ ಲೆಕ್ಕ ಹಾಕಿ ನೋಡಿ. ಇಂಟರ್‌ಫೇಸ್ ಟೇಬಲ್‌ನಲ್ಲಿ 22 ಕಾಲಂ ಇವೆ. 48 ಪೋರ್ಟ್ ಅಂದರೆ 1056 ಉತ್ತರ. ನಾಲ್ಕು ಸ್ವಿಚ್ ಸ್ಟ್ಯಾಕ್ ಮಾಡಿದ್ದರೆ 4224. ಒಂದೊಂದಾಗಿ ಕೇಳಿದರೆ ಅಷ್ಟೇ ಪ್ಯಾಕೆಟ್ ಹೋಗಬೇಕು, ಅಷ್ಟೇ ಬರಬೇಕು. ಗ್ರಾಫ್‌ಗೆ ನಿಜವಾಗಿ ಬೇಕಿರುವುದು ಐದಾರು ಕಾಲಂ ಅಷ್ಟೇ.

ಹೆಜ್ಜೆ 6: ಸರ್ವರ್‌ನಲ್ಲಿ ಸರಿಪಡಿಸಿ

ಬೇಡದ್ದನ್ನು ಮೊದಲು ತೆಗೆಯಿರಿ. ಲಿಬ್ರೆಎನ್‌ಎಂಎಸ್‌ನಲ್ಲಿ ಆ ಡಿವೈಸ್‌ನ ಸೆಟ್ಟಿಂಗ್‌ಗೆ ಹೋದರೆ ಮಾಡ್ಯೂಲ್‌ಗಳ ಪಟ್ಟಿ ಇದೆ. ಮ್ಯಾಕ್ ಟೇಬಲ್, ಎಆರ್‌ಪಿ ಟೇಬಲ್, ರೂಟಿಂಗ್ ಮಾಡ್ಯೂಲ್‌ಗಳನ್ನು ಒಂದೊಂದಾಗಿ ಆಫ್ ಮಾಡಿ. ಪ್ರತಿ ಸಲ ಸಿಪಿಯು ಎಷ್ಟು ಇಳಿಯಿತು ನೋಡಿ. ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಿದರೆ ಯಾವುದು ಭಾರ ಇತ್ತು ಅಂತ ಗೊತ್ತಾಗುವುದಿಲ್ಲ. ಝಾಬಿಕ್ಸ್‌ನಲ್ಲಿ ಟೆಂಪ್ಲೇಟ್ ಜೊತೆ ಬಂದ ಡಿಸ್ಕವರಿ ನಿಯಮಗಳನ್ನು ನೋಡಿ. ಹೊಸ ಪೋರ್ಟ್ ಗಂಟೆಗೊಮ್ಮೆ ಹುಟ್ಟುವುದಿಲ್ಲ, ಅಲ್ವಾ? ದಿನಕ್ಕೊಮ್ಮೆ ಹುಡುಕಿದರೆ ಸಾಕು. ಯಾರದೋ ಲ್ಯಾಪ್‌ಟಾಪ್ ಹಚ್ಚುವ ಪೋರ್ಟ್‌ಗಳ ಗ್ರಾಫ್ ಬೇಡ. ಅಪ್‌ಲಿಂಕ್, ಸರ್ವರ್, ಆಕ್ಸೆಸ್ ಪಾಯಿಂಟ್ ಪೋರ್ಟ್‌ಗಳನ್ನು ಮಾತ್ರ ಇಟ್ಟುಕೊಳ್ಳಿ.

ಆಮೇಲೆ ಅಂತರ. ಪಿಆರ್‌ಟಿಜಿ ಮಾಮೂಲಿಯಾಗಿ 60 ಸೆಕೆಂಡಿಗೊಮ್ಮೆ ಕೇಳುತ್ತದೆ. ಕ್ಯಾಕ್ಟೈ, ಲಿಬ್ರೆಎನ್‌ಎಂಎಸ್ 5 ನಿಮಿಷಕ್ಕೊಮ್ಮೆ. ನನ್ನ ಪ್ರಕಾರ ನಮ್ಮ ಹೆಚ್ಚಿನ ಸಂಸ್ಥೆಗಳಿಗೆ 5 ನಿಮಿಷ ಧಾರಾಳ. ಅಂತರ ಹೆಚ್ಚಿಸಿದರೆ ಗ್ರಾಫ್ ಕೆಡುತ್ತದೆ ಎಂಬ ಭಯಕ್ಕೆ ಒಂದು ಹಳೇ ಕಾರಣ ಇದೆ. 32 ಬಿಟ್ ಕೌಂಟರ್ 1 ಗಿಗಾಬಿಟ್ ಪೂರ್ತಿ ವೇಗದಲ್ಲಿ ಸುಮಾರು 34 ಸೆಕೆಂಡಿಗೇ ತುಂಬಿ ಸೊನ್ನೆಗೆ ಬರುತ್ತದೆ. ಆಗ 5 ನಿಮಿಷದ ಲೆಕ್ಕ ತಪ್ಪುತ್ತದೆ, ನಿಜ. ಅದಕ್ಕೆ ಮದ್ದು ಬೇಗ ಬೇಗ ಕೇಳುವುದಲ್ಲ, 64 ಬಿಟ್ ಕೌಂಟರ್ ಬಳಸುವುದು. ಅದು 1.3.6.1.2.1.31.1.1 ಅಡಿಯಲ್ಲಿ ಸಿಗುತ್ತದೆ. ಎಸ್‌ಎನ್‌ಎಂಪಿ ವಿ1ರಲ್ಲಿ ಬರುವುದಿಲ್ಲ, ವಿ2ಸಿ ಅಥವಾ ವಿ3 ಬೇಕು. ಹಳೇ ಸರ್ವರ್ ಇನ್ನೂ ವಿ1ರಲ್ಲೇ ಇದ್ದರೆ ಇಂದೇ ಬದಲಿಸಿ. ಒಟ್ಟಿಗೆ ಹತ್ತಿಪ್ಪತ್ತು ಉತ್ತರ ಕೇಳುವ ಗೆಟ್-ಬಲ್ಕ್ ಕೂಡ ವಿ2ಸಿಯಿಂದಲೇ ಶುರು. ಝಾಬಿಕ್ಸ್‌ನಲ್ಲಿ ಕಂಬೈನ್ಡ್ ರಿಕ್ವೆಸ್ಟ್ ಎಂಬ ಟಿಕ್ ಗುರುತು, ಲಿಬ್ರೆಎನ್‌ಎಂಎಸ್‌ನಲ್ಲಿ ಮ್ಯಾಕ್ಸ್ ರಿಪೀಟರ್ಸ್ ಎಂಬ ಜಾಗ ನೋಡಿ. 10ರಿಂದ ಶುರು ಮಾಡಿ ನಿಧಾನವಾಗಿ ಏರಿಸಿ.

ಸರ್ವರ್ ಹುಬ್ಬಳ್ಳಿಯಲ್ಲಿದ್ದು ಸ್ವಿಚ್ ಧಾರವಾಡದ ಅಥವಾ ಹಾವೇರಿಯ ಶಾಖೆಯಲ್ಲಿದ್ದರೆ ಬಲ್ಕ್ ಇನ್ನೂ ಮುಖ್ಯ. ಹೋಗಿ ಬರಲು 10 ಮಿಲಿಸೆಕೆಂಡ್ ಹಿಡಿದರೂ 1056 ಪ್ರಶ್ನೆಗೆ 10 ಸೆಕೆಂಡ್ ಮೇಲಾಗುತ್ತದೆ. ವಿಪಿಎನ್ ನಿಧಾನವಾದ ದಿನ ಒಂದು ಸುತ್ತು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. ಶಾಖೆ ದೊಡ್ಡದಿದ್ದರೆ ಅಲ್ಲೇ ಒಂದು ಝಾಬಿಕ್ಸ್ ಪ್ರಾಕ್ಸಿ (ಶಾಖೆಯಲ್ಲೇ ಕೇಳಿ, ಉತ್ತರಗಳನ್ನು ಸರ್ವರ್‌ಗೆ ಕಳಿಸುವ ಮಧ್ಯವರ್ತಿ) ಇಡುವುದು ಒಳ್ಳೆಯದು. ಸಣ್ಣ ಹಳೇ ಪಿಸಿ ಸಾಕಾಗುತ್ತದೆ.

ಟೈಮ್‌ಔಟ್ ಮತ್ತು ರಿಟ್ರೈ ಮರೆಯಬೇಡಿ. ಸ್ವಿಚ್ ಉತ್ತರ ಕೊಡಲು ತಡ ಮಾಡುತ್ತದೆ, ಸರ್ವರ್ 1 ಸೆಕೆಂಡ್ ಕಾದು ಅದೇ ಪ್ರಶ್ನೆ ಮತ್ತೆ ಕೇಳುತ್ತದೆ, ಮತ್ತೆ ಕೇಳುತ್ತದೆ. ಹೊರೆ ಇರುವಾಗಲೇ ಹೊರೆ ಹೆಚ್ಚುತ್ತದೆ. ಟೈಮ್‌ಔಟ್ 5 ಸೆಕೆಂಡ್, ರಿಟ್ರೈ 1 ಇಡಿ. ಎರಡು ಸರ್ವರ್ ಇರಲೇಬೇಕು ಅನ್ನುವ ಕಡೆ ಎರಡೂ ಒಂದೇ ನಿಮಿಷಕ್ಕೆ ಕೇಳದ ಹಾಗೆ ಹಿಂದೆ ಮುಂದೆ ಮಾಡಿ.

ಲಿಂಕ್ ಬಿದ್ದದ್ದು ತಕ್ಷಣ ಗೊತ್ತಾಗಬೇಕು ಅಂತ 30 ಸೆಕೆಂಡ್ ಪೋಲಿಂಗ್ ಇಟ್ಟಿದ್ದರೆ, ಅದರ ಬದಲು ಟ್ರ್ಯಾಪ್ ಹಾಕಿ. ಸ್ವಿಚ್ ತಾನಾಗಿಯೇ ಯುಡಿಪಿ 162ಕ್ಕೆ ಸುದ್ದಿ ಕಳಿಸುತ್ತದೆ.

ಹೆಜ್ಜೆ 7: ಸ್ವಿಚ್ಚಿನಲ್ಲೂ ಬೇಲಿ ಹಾಕಿ

ಸರ್ವರ್ ನಿಮ್ಮ ಕೈಯಲ್ಲಿಲ್ಲ, ಬೆಂಗಳೂರಿನ ಹೆಡ್ ಆಫೀಸ್‌ನವರದು ಅನ್ನಿ. ಆಗ ಸ್ವಿಚ್ಚಿನಲ್ಲೇ ಭಾರದ ಟೇಬಲ್‌ಗಳನ್ನು ಮುಚ್ಚಬಹುದು. ಇದಕ್ಕೆ ವ್ಯೂ ಎನ್ನುತ್ತಾರೆ. ಎಸ್‌ಎನ್‌ಎಂಪಿ-ಸರ್ವರ್ ವ್ಯೂ, ಆಮೇಲೆ ವ್ಯೂಗೆ ನೀವಿಟ್ಟ ಹೆಸರು, ಐಎಸ್‌ಒ, ಇನ್‌ಕ್ಲೂಡೆಡ್. ಇದು ಎಲ್ಲವನ್ನೂ ತೆರೆಯುತ್ತದೆ. ನಂತರ ಅದೇ ಹೆಸರಿನಲ್ಲಿ ಒಂದೊಂದು ಸಾಲು: 1.3.6.1.2.1.4.21 ಎಕ್ಸ್‌ಕ್ಲೂಡೆಡ್, 1.3.6.1.2.1.4.24 ಎಕ್ಸ್‌ಕ್ಲೂಡೆಡ್, ಹೀಗೆ ಮೇಲಿನ ಪಟ್ಟಿಯಿಂದ ಬೇಡದ್ದನ್ನು ಹಾಕಿ. ಐಎಸ್‌ಒ ಪೂರ್ತಿ ತೆರೆದಾಗ ಎಸ್‌ಎನ್‌ಎಂಪಿಯ ಸ್ವಂತ ಬಳಕೆದಾರರ, ಕಮ್ಯೂನಿಟಿಗಳ ಮಾಹಿತಿಯೂ ಕಾಣುತ್ತದೆ. ಅದಕ್ಕೆ 1.3.6.1.6.3.15, 16, 18 ಇವನ್ನೂ ಎಕ್ಸ್‌ಕ್ಲೂಡ್ ಮಾಡಿ. ಕೊನೆಗೆ ಕಮ್ಯೂನಿಟಿ ಸಾಲಿನಲ್ಲಿ ವ್ಯೂ ಹೆಸರು ಸೇರಿಸಿ.

ಮಾಡುವ ಮೊದಲು ಹೆಡ್ ಆಫೀಸ್‌ಗೆ ಒಂದು ಮೇಲ್ ಹಾಕಿ. ಯಾವ ಪೋರ್ಟ್‌ನಲ್ಲಿ ಯಾವ ಮಷಿನ್ ಇದೆ ಎಂದು ಅವರು ಮ್ಯಾಕ್ ಟೇಬಲ್‌ನಿಂದ ಹುಡುಕುತ್ತಿದ್ದರೆ ಅದು ನಿಲ್ಲುತ್ತದೆ. ಬೇಕಾದರೆ ಅದೊಂದನ್ನು ಬಿಟ್ಟು ಉಳಿದದ್ದು ಮುಚ್ಚಿ.

ಹೆಜ್ಜೆ 8: ಅಲಾರಂ ಸರಿಯಾದ ಅಂಕಿಗೆ ಕಟ್ಟಿ

ಸರ್ವರ್ 5 ಸೆಕೆಂಡಿನ ಸಿಪಿಯು ಅಂಕಿ ಕೇಳುತ್ತಿದ್ದರೆ ಅದು ಓದುವುದು ತನ್ನದೇ ಪ್ರಶ್ನೆಗಳ ಹೊರೆಯನ್ನು. ಪೋಲಿಂಗ್ ನಡೆಯುವ ಹೊತ್ತಿಗೇ ಅಳತೆಯೂ ಆಗುತ್ತದಲ್ಲ. 5 ನಿಮಿಷದ ಸರಾಸರಿ ಕೇಳಿ. ಸಿಸ್ಕೋದಲ್ಲಿ ಅದು 1.3.6.1.4.1.9.9.109.1.1.1.1.8. ಎಷ್ಟಕ್ಕೆ ಅಲಾರಂ ಇಡಬೇಕು ಎನ್ನುವುದು ಸ್ವಿಚ್ಚಿನ ಮಾದರಿ ಮೇಲಿದೆ. ಕೆಲವು ಮಾದರಿಗಳು ಕೆಲಸವಿಲ್ಲದಾಗಲೂ ಸ್ವಲ್ಪ ಮೇಲೇ ಇರುತ್ತವೆ. ಹೊರೆ ಇಳಿಸಿದ ಮೇಲೆ ಒಂದು ವಾರದ ಗ್ರಾಫ್ ನೋಡಿ, ನಿಮ್ಮ ಸ್ವಿಚ್ಚಿನ ಮಾಮೂಲಿ ಮಟ್ಟ ಯಾವುದು ಅಂತ ಬರೆದಿಡಿ. ಅಲಾರಂ ಅದಕ್ಕಿಂತ ಸಾಕಷ್ಟು ಮೇಲಿರಲಿ, ಅದೂ 10-15 ನಿಮಿಷ ಸತತವಾಗಿ ಇದ್ದರೆ ಮಾತ್ರ ಮೆಸೇಜ್ ಬರಲಿ. ದಿನವೂ ಸುಳ್ಳು ಅಲಾರಂ ಬಂದರೆ ನಿಜವಾದದ್ದು ಬಂದಾಗ ಯಾರೂ ಎದ್ದು ನೋಡುವುದಿಲ್ಲ.

ಎಸ್‌ಎನ್‌ಎಂಪಿ ಅಲ್ಲದಿದ್ದರೆ

ಯಾರೋ ಹಾಕಿ ಮರೆತ ಡೀಬಗ್ ಇದೆಯೇ ನೋಡಿ, ಅನ್‌ಡೀಬಗ್ ಆಲ್ ಕೊಡಿ. ಆಕ್ಸೆಸ್ ಲಿಸ್ಟ್‌ಗಳಲ್ಲಿ ಲಾಗ್ ಎಂಬ ಪದ ಇದ್ದರೆ ಆ ಪ್ಯಾಕೆಟ್‌ಗಳು ಸಿಪಿಯುಗೆ ಬರುತ್ತವೆ, ತೆಗೆಯಿರಿ. ಕನ್ಸೋಲ್ ಲಾಗಿಂಗ್ ಕೂಡ ನಿಲ್ಲಿಸಿ, 9600ರ ವೇಗದಲ್ಲಿ ಅಕ್ಷರ ಬರೆಯುವುದು ಸಿಪಿಯುಗೆ ಸುಮ್ಮನೆ ಕೆಲಸ. ಎಆರ್‌ಪಿ ಇನ್‌ಪುಟ್ ಪ್ರೊಸೆಸ್ ಮೇಲಿದ್ದು, ಲಾಗ್‌ನಲ್ಲಿ ಒಂದೇ ಮ್ಯಾಕ್ ಎರಡು ಪೋರ್ಟ್ ನಡುವೆ ಹಾರುತ್ತಿದೆ ಎಂದು ಬರುತ್ತಿದ್ದರೆ ಅದು ಲೂಪ್. ಟೇಬಲ್ ಕೆಳಗಿನ ಸಣ್ಣ ಅನ್‌ಮ್ಯಾನೇಜ್ಡ್ ಸ್ವಿಚ್‌ಗಳಿಂದ ಹುಡುಕಲು ಶುರು ಮಾಡಿ.

ಬೇರೆ ಕಂಪನಿಯ ಸ್ವಿಚ್ಚುಗಳು

ಸಿಸ್ಕೋದ ಹೊಸ ಐಒಎಸ್ ಎಕ್ಸ್‌ಇ ಮಾದರಿಗಳಲ್ಲಿ ಶೋ ಪ್ರೊಸೆಸಸ್ ಸಿಪಿಯು ಪ್ಲಾಟ್‌ಫಾರ್ಮ್ ಸಾರ್ಟೆಡ್ ಕೂಡ ನೋಡಿ. ಜುನಿಪರ್‌ನಲ್ಲಿ ಶೋ ಸಿಸ್ಟಮ್ ಪ್ರೊಸೆಸಸ್ ಎಕ್ಸ್‌ಟೆನ್ಸಿವ್ ಕೊಟ್ಟು ಎಸ್‌ಎನ್‌ಎಂಪಿಡಿ, ಎಂಐಬಿ2ಡಿ ಎಂಬ ಹೆಸರು ಹುಡುಕಿ. ಮೈಕ್ರೋಟಿಕ್‌ನಲ್ಲಿ ಟೂಲ್ಸ್ ಅಡಿಯ ಪ್ರೊಫೈಲ್ ತೆರೆದರೆ ಎಸ್‌ಎನ್‌ಎಂಪಿ ಎಷ್ಟು ತಿನ್ನುತ್ತಿದೆ ಎಂದು ನೇರವಾಗಿ ಕಾಣುತ್ತದೆ. ಇಷ್ಟು ವಿವರ ತೋರಿಸದ ಅಗ್ಗದ ಸ್ವಿಚ್‌ಗಳಲ್ಲಿ ಹೆಜ್ಜೆ 3 ಒಂದೇ ದಾರಿ: ನಿಲ್ಲಿಸಿ, ನೋಡಿ, ಒಂದೊಂದಾಗಿ ವಾಪಸ್ ಹಾಕಿ.